ಒಲೆಯ ಹಿಂದಿನ ನೀರು

"ನಂದಾ, ಒಲಿ ಆರಸು. ಮನ್ಯಾಗ ಗಂಗವ್ವ ಬಂದಾಳ."

ಅತ್ತೆ ಹುಲಿಗೆವ್ವನ ದನಿ ಕೇಳಿ ನಂದಾಳ ರೊಟ್ಟಿ ಬಡಿಯುವ ಕೈ ನಿಂತಿತು. ಒಲೆಯ ಹಿಂದೆ, ಗೋಡೆ ನೆಲಕ್ಕೆ ತಾಗುವಲ್ಲಿ, ಸಣ್ಣ ಬಿರುಕೊಂದು ಬಾಯಿ ಬಿಟ್ಟಿತ್ತು. ನೋಡನೋಡುತ್ತಿದ್ದಂತೆ ಅಲ್ಲಿಂದ ನೀರು ಉಕ್ಕಿ, ಬೂದಿಯನ್ನು ಬಳಸಿಕೊಂಡು, ಮನೆ ಗೊತ್ತಿದ್ದ ಹೆಣ್ಣುಮಗಳಂತೆ ನೇರ ಹಿತ್ತಿಲ ಬಾಗಿಲ ಕಡೆ ಹೊರಟಿತು. ಹುಲಿಗೆವ್ವ ಸೆರಗನ್ನು ತಲೆಯ ಮೇಲೆಳೆದುಕೊಂಡು ಅಲ್ಲೇ ಅಡ್ಡಬಿದ್ದಳು.

ಹುಲಿಗೆವ್ವ ಗದಗಿನ ಆಚೆಯ ಕರಿನೆಲದವಳು. ಒಂದು ಕೊಡ ನೀರಿಗೆ ಪಕ್ಕದೂರಿನ ತನಕ ನಡೆದು ಬೆಳೆದವಳು. ಅವರ ಕಡೆ ಕರೆಯದೆ ನೀರು ತಾನಾಗಿ ಮನೆಯೊಳಗೆ ಎದ್ದರೆ ಅದು ಏಳು ಜನ್ಮದ ಪುಣ್ಯ. ಅಂದೇ ಸಂಜೆಯೊಳಗೆ ಬಿರುಕಿನ ಎದುರು ಐದು ಸಣ್ಣ ಕಲ್ಲು ಇಟ್ಟು, ಸುಣ್ಣ ಬಳಿದು, ಅರಿಶಿಣ ಕುಂಕುಮ ಏರಿಸಿ, ಹಸಿರು ಬಳೆ, ಕುಪ್ಪಸದ ಖಣ ಇಟ್ಟು ಗಂಗವ್ವನಿಗೆ ಉಡಿ ತುಂಬಿದರು. ಒಲೆ ಪಡಸಾಲೆಗೆ ಬಂತು.

ನಂದಾಳಿಗೂ ಸಂತೋಷವೇ ಆಗಿತ್ತು. ಗೋವೆಯ ಕುಡಚಡೆಯ ಅಂಚಿನ ಈ ಹೆಂಚಿನ ಮನೆಯನ್ನು ಹಟ ಮಾಡಿ ಹಿಡಿಸಿದವಳು ಅವಳು. ಅತ್ತೆಗೆ ಮಾತ್ರ ಈ ಊರು ಒಗ್ಗಿರಲಿಲ್ಲ. ವಾಸ್ಕೋದ ಬಂದರಿನ ಹತ್ತಿರದ ತಗಡಿನ ಜೋಪಡಿಯೇ ವಾಸಿ, ಅಲ್ಲಿ ನಮ್ಮ ಮಂದಿ ಇದ್ದರು, ಜಗಳಕ್ಕಾದರೂ ಒಂದು ಕನ್ನಡದ ಬಾಯಿ ಇತ್ತು ಎಂದು ಆಕೆ ಕೊರಗುತ್ತಿದ್ದಳು. ನಂದಾಳ ನೆನಪಿನಲ್ಲಿ ಆ ಜೋಪಡಿ ಎಂದರೆ ಸಂಡಾಸಿಗೆ ಸಾಲು, ನಲ್ಲಿಗೆ ಸಾಲು, ಕೆಡವುವವರು ಎಂದು ಬರುತ್ತಾರೋ ಎಂಬ ದಿಗಿಲು. ಇಲ್ಲಿ ಬೆಳಗಾದರೆ ಪಾವು ಬ್ರೆಡ್ಡು ಮಾರುವವನು ಸೈಕಲ್ಲಿನ ಹಾರನ್ನು ಒತ್ತುತ್ತ ಬರುತ್ತಿದ್ದ. ಸ್ಟೇಷನ್ನಿಗೆ ಗಾಡಿ ಬಂದು ಹೋದರೆ ಮತ್ತೆ ಊರೆಲ್ಲ ಮೌನ. ದಾರಿಯಲ್ಲಿ ಎದುರಾದ ಮುದುಕಿಯರು "ಜೆವ್ಲೆಂ ಗೊ?" ಎಂದು ಕೇಳಿಯೇ ಮುಂದೆ ಹೋಗುವರು. ಉಂಡೆಯಾ ಎಂದು ಅವಳನ್ನು ಗೋವೆಯಲ್ಲಿ ಯಾರೂ ಅಲ್ಲಿಯ ತನಕ ಕೇಳಿರಲಿಲ್ಲ.

ಬೇಸಿಗೆಯಲ್ಲಿ ಅದಿರಿನ ಟಿಪ್ಪರುಗಳ ಕೆಂಧೂಳು ಅನ್ನದ ತಟ್ಟೆಗೂ ಇಳಿಯುತ್ತಿತ್ತು, ಖರೆ. ಮಳೆ ಹಿಡಿದ ಮೇಲೆ ಅವೂ ನಿಂತವು. ಗಂಡ ಯಮನೂರ ಟಿಪ್ಪರ್ ಬಿಟ್ಟು, ಮಳೆಗಾಲದ ಮಟ್ಟಿಗೆ ಕೊರ್ತಾಲಿಮ್‌ನಲ್ಲಿ ಬಾರ್ಜು ರಿಪೇರಿ ಕೆಲಸಕ್ಕೆ ಹೋದ. ಮನೆಯಲ್ಲಿ ಉಳಿದದ್ದು ಅತ್ತೆ, ಸೊಸೆ, ಮಗು ಶ್ವೇತಾ. ಮತ್ತೆ ಹಿತ್ತಿಲ ಹಿಂದೆ, ಮನೆಯ ಬೆಳಕನ್ನು ಅರ್ಧ ಮುಚ್ಚಿಕೊಂಡು ನಿಂತ ಡಂಪು. ಗಣಿ ಅಗೆದವರು ಅದಿರು ಆರಿಸಿಕೊಂಡು ಬೇಡದ ಮಣ್ಣನ್ನು ತಂದು ಸುರಿದು ಸುರಿದು ಎಬ್ಬಿಸಿದ ಗುಡ್ಡ ಅದು. ಅದರ ಮೇಲೆ ಹುಲ್ಲೂ ಹುಟ್ಟಿರಲಿಲ್ಲ.

ಗಂಗವ್ವ ಬಂದ ಸುದ್ದಿ ಕೇಳಿ ಪಕ್ಕದ ಮನೆಯ ಮರಿಯಮ ನೋಡಲು ಬಂದಳು. ಸಂತೆಯಲ್ಲಿ ಕನ್ನಡದ ಹೆಂಗಸರ ಪಕ್ಕ ಕೂತು ತೆಂಗಿನಕಾಯಿ ಮಾರಿ ಮಾರಿ ಅವಳಿಗೂ ಕನ್ನಡ ಬರುತ್ತಿತ್ತು. ಬಿರುಕನ್ನು, ಬಳೆಯನ್ನು, ಮತ್ತೆ ಕಿಟಕಿಯಾಚೆಯ ಡಂಪನ್ನು ನೋಡಿದವಳು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

"ಅಗೊ ನಂದಾ, ಇದು ಡಂಪಿನ ನೀರು ಗೊ. ಗುಡ್ಡ ಹೊಟ್ಟಿ ತುಂಬ ಕುಡದು ಕುಂತೈತಿ."

ಹುಲಿಗೆವ್ವ ಸಿಡಿದೆದ್ದಳು. "ಯಾಕಬೇ, ನಿಮ್ಮ ಇಗರ್ಜಿ ಬಾಗಲಾಗ ನೀರು ಎದ್ದಿದ್ರ ಮೇಣಬತ್ತಿ ಹಚ್ಚತಿದ್ದಿಲ್ಲೇನ? ನಮ್ಮನ್ಯಾಗ ಎದ್ರ ಡಂಪಿನ ನೀರಾತು?"

"ಹಚ್ಚತಿದ್ದೆ ಬಾಯಿ. ಹಚ್ಚಿ ಓಡತಿದ್ದೆ."

ನಂದಾಳಿಗೆ ನಗೆ ಬಂತು. ಮರಿಯಮ ನಗಲಿಲ್ಲ. ಹೊರಡುವಾಗ ಅಂಗಳದಲ್ಲಿ ನಂದಾಳ ಮೊಣಕೈ ಹಿಡಿದು ತಗ್ಗಿದ ದನಿಯಲ್ಲಿ ಹೇಳಿದಳು: "ನಮ್ಮ ಅಣ್ಣನ ಮನ್ಯಾಗೂ ಹಿಂಗ ಬಂದಿತ್ತು, ಆ ಕಡಿ ಡಂಪಿನ ಬುಡಕ. ನೀರು ಬರೂತನಾ ಅಂಜಿಕಿ ಇಲ್ಲ. ನಿಂತ್ರ ಮಾತ್ರ ಒಳಗ ಇರಬ್ಯಾಡ. ಕೂಸಿನ್ನ ಎತ್ಕೊಂಡು ನಡಿ."

"ನಿಮ್ಮ ಅಣ್ಣ?"

ಮರಿಯಮ ಕೊಡೆ ಬಿಚ್ಚಿಕೊಂಡು ಹೋದಳು.

ನಂದಾ ಗಂಡನಿಗೆ ಫೋನು ಮಾಡಿ ನೀರಿನ ಸುದ್ದಿ ಹೇಳಿದಳು. "ಅವ್ವ ಖುಷಿ ಅದಾಳಿಲ್ಲೋ?" ಎಂದ ಯಮನೂರ. "ಊರು ಬ್ಯಾಡ ಅನ್ನೂದು ಬಿಟ್ಟಾಳಲ್ಲ, ಅದ ಚಲೋ ಆತು. ಶನಿವಾರ ಬರ್ತೀನಿ, ನೋಡೂಣು." ಅವಳೂ ಮುಂದೆ ಕೇಳಲಿಲ್ಲ. ಅತ್ತೆ ಈಗ ಬೆಳಗ್ಗೆ ಎದ್ದು ಹಾಡು ಹೇಳಿಕೊಳ್ಳುತ್ತ ಹೂ ಕೊಯ್ಯುತ್ತಿದ್ದಳು, ದಿನಾ ಮುಂಜಾನೆ ತಾಮ್ರದ ಕೊಡದಲ್ಲಿ ಆ ನೀರು ತುಂಬಿ, ಮಾವಿನೆಲೆ ಇಟ್ಟು ಕುಂಭ ಮಾಡುತ್ತಿದ್ದಳು. ಬಿಟ್ಟು ಹೋಗುವ ಮಾತು ಈಗ ನಂದಾಳ ಬಾಯಿಂದ ಬರಬೇಕಾಗಿತ್ತು. ಅದು ಬರಲಿಲ್ಲ.

ನೀರು ಕೆಂಪಗಾಯಿತು. "ಕುಂಕುಮ ಕಲತೈತಿ," ಎಂದಳು ಹುಲಿಗೆವ್ವ. ಎಡೆಬಿಡದೆ ಸುರಿದ ಮಳೆ ಶುಕ್ರವಾರ ಮಧ್ಯಾಹ್ನ ಸ್ವಲ್ಪ ಹೊಳವಾಯಿತು. ಬಟ್ಟೆ ಒಣಹಾಕಿ ಒಳಗೆ ಬಂದ ನಂದಾ ಹಿತ್ತಿಲ ಬಾಗಿಲನ್ನು ಮುಂದಕ್ಕೆ ದೂಡಿದಳು. ಬಾಗಿಲು ಹಾಕಿಕೊಳ್ಳಲಿಲ್ಲ. ಭುಜ ಕೊಟ್ಟು ಒತ್ತಿದರೂ ಚೌಕಟ್ಟಿನೊಳಗೆ ಕೂಡಲಿಲ್ಲ. ಬೆಳಗ್ಗೆ ಸರಿಯಾಗಿದ್ದ ಬಾಗಿಲು. ಆಗ ಮನೆಯೊಳಗಿನ ಮೌನ ಅವಳ ಕಿವಿಗೆ ಬಿತ್ತು. ಹಗಲಿರುಳೂ ಜುಳುಗುಡುತ್ತಿದ್ದ ಸದ್ದು ಇರಲಿಲ್ಲ.

ಬಿರುಕು ಒಣಗಿತ್ತು. ಅದರ ಎದುರು ಹುಲಿಗೆವ್ವ ಚಕ್ಕಳಮಕ್ಕಳ ಹಾಕಿ ಕೂತಿದ್ದಳು.

"ಮುನಿಸ್ಕೊಂಡಾಳ ನನ್ನವ್ವ. ನಿನ್ನೆ ಆ ನೀರಾಗ ಮುಸುರಿ ತೊಳದಿ, ನಾ ನೋಡೇನಿ. ಆಕಿ ತಿರುಗಿ ಬರೂತನಾ ನಾ ಏಳಂಗಿಲ್ಲ."

"ಅತ್ತಿ, ಏಳ್ರಿ. ಹೊರಗ ಹೋಗೂಣ್ರಿ. ಗುಡ್ಡ ಚಲೋ ಇಲ್ಲ."

"ನೀ ಹೋಗು. ಊರು ಚಲೋ ಐತಿ ಚಲೋ ಐತಿ ಅಂತ ಕರಕೊಂಡು ಬಂದಾಕಿ ನೀನ. ಈಗ ನನ್ನ ದೇವರು ಬಂದಕೂಡ್ಲೆ ಬ್ಯಾಡಾತು?"

ನಂದಾ ಕೈ ಹಿಡಿದು ಎಳೆದಳು. ಮುದುಕಿ ನೆಲಕ್ಕೆ ಅಂಟಿದಂತೆ ಭಾರವಾದಳು. ತೊಟ್ಟಿಲಲ್ಲಿ ಮಗು ಮಲಗಿತ್ತು. ಮೇಲೆ ಹೆಂಚಿನ ಮೇಲೆ ಪುಟ್ಟ ಕಲ್ಲೊಂದು ಟಕ್ಕೆಂದು ಬಿದ್ದು ಉರುಳಿಕೊಂಡು ಅಂಗಳಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು.

ಮಗುವನ್ನು ಎತ್ತಿಕೊಂಡು ಓಡಬಹುದಿತ್ತು. ಅವಳು ತೊಟ್ಟಿಲ ತನಕ ಹೋದಳು ಕೂಡ. ಅಲ್ಲಿಂದ ತಿರುಗಿದಾಗ ಕಣ್ಣಿಗೆ ಬಿದ್ದದ್ದು ಕುಂಭ. ಬೆಳಗ್ಗೆ ಅತ್ತೆಯೇ ತುಂಬಿದ ಕೊಡ, ಕಂಠದವರೆಗೂ ನೀರು.

"ಅತ್ತಿ, ಗಂಗವ್ವ ಹೋಗಿಲ್ರಿ. ಇಲ್ಲೇ ಕುಂಭದಾಗ ಕುಂತಾಳ."

ಹುಲಿಗೆವ್ವ ತಲೆ ಎತ್ತಿದಳು.

"ಮುಂಜಾನಿ ನನ್ನ ಕನಸಿನ್ಯಾಗ ಬಂದಿದ್ಲು," ಎಂದಳು ನಂದಾ. "ಮನ್ಯಾಗ ಇದ್ದದ್ದು ಸಾಕು, ಹೊಳಿಗೆ ಕಳಿಸಿ ಬರ್ರಿ ಅಂದ್ಲು. ನಾನ ಹೇಳಲಿಲ್ಲ. ಅದಕ್ಕ ಮುನಿಸ್ಕೊಂಡಾಳ."

"ಖರೇ ಹೇಳು. ದೇವರ ಮಾತು ಇದು."

ಅವಳು ದೇವರ ಹೆಸರಲ್ಲಿ ಎಂದೂ ಸುಳ್ಳಾಡಿದವಳಲ್ಲ. "ಖರೇನ ಅತ್ತಿ," ಎಂದಳು. ಸೀರೆಯ ತುಂಡನ್ನು ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟು, ಅತ್ತೆ ಇನ್ನೊಂದು ಮಾತಾಡುವ ಮೊದಲೇ ಕುಂಭವನ್ನು ಎತ್ತಿ ಹೊತ್ತಳು.

ಕುಂಭ ಏರಿದ ಮೇಲೆ ಮನೆಯ ಹೆಂಗಸು ಕೂತಿರುವಂತಿಲ್ಲ. ದಾರಿಯಲ್ಲಿ ಇಳಿಸುವಂತಿಲ್ಲ. ಹೊತ್ತವಳು ಹಿಂತಿರುಗಿ ನೋಡುವಂತಿಲ್ಲ. ಹುಲಿಗೆವ್ವ ಮಂಡಿ ಊರಿ ಎದ್ದಳು. "ಒಬ್ಬಾಕಿನ್ನ ಹೆಂಗ ಕಳಸ್ಲೇ ನನ್ನವ್ವನ್ನ," ಎಂದು ಗೊಣಗುತ್ತ ಮಲಗಿದ್ದ ಮಗುವನ್ನು ಸೊಂಟಕ್ಕೆ ಏರಿಸಿಕೊಂಡಳು. ಹೊಸ್ತಿಲು ದಾಟುವಾಗ ಅವಳ ಗಂಟಲು ತಾನಾಗಿ ಹಾಡು ಎತ್ತಿತು; ಅವಳ ಅವ್ವ, ಅವ್ವನ ಅವ್ವ ನೀರಿನ ಮುಂದೆ ಹೇಳಿಕೊಂಡು ಬಂದ ಹಾಡು.

ಓಣಿಯಲ್ಲಿ ಬರಿಗಾಲಿನ ಆ ಮೆರವಣಿಗೆಯನ್ನು ಮರಿಯಮ ತನ್ನ ಜಗಲಿಯಿಂದ ಕಂಡಳು. ಕೈಯಲ್ಲಿದ್ದ ಮೊರ ಬಿಸಾಕಿ, ತಲೆಗೆ ಏನೂ ಹೊದೆಯದೆ, ಆಚೆ ಮನೆಯ ಬಾಗಿಲನ್ನು ಎರಡೂ ಕೈಗಳಿಂದ ಬಡಿಯತೊಡಗಿದಳು.

ನಂದಾ ಗುಡ್ಡಕ್ಕೆ ಬೆನ್ನು ಹಾಕಿ ಸ್ಟೇಷನ್ ರಸ್ತೆ ಹಿಡಿದಳು. ಮತ್ತೆ ಮಳೆ ಹನಿಯಿತು. ಕುಂಭದ ನೀರು ತುಳುಕಿ ಕೆಂಪಗೆ ಹಣೆಯ ಮೇಲೆ, ಕಣ್ಣಿನ ಮೇಲೆ ಇಳಿಯಿತು; ಒರೆಸಿಕೊಳ್ಳಲು ಅವಳಿಗೆ ಕೈ ಬಿಡುವಿರಲಿಲ್ಲ. ಹಿಂದಿನಿಂದ ಅತ್ತೆಯ ಹಾಡು ಬರುತ್ತಿತ್ತು. ಅದು ಬರುತ್ತಿರುವ ತನಕ ಅವಳು ಹೆಜ್ಜೆ ಹಾಕಿದಳು.

ಹಿಂದೆ ಗುಡ್ಡದ ಕಡೆಯಿಂದ ಗುಡುಗಿನಂಥ ಸದ್ದು ಉರುಳಿತು; ಸಾಲಿನ ನಡುವೆಯೇ ಹಾಡು ನಿಂತಿತು.

ಬಿಳಿ ಹಸುವೊಂದು ಓಣಿಯ ಕಡೆಯಿಂದ ಓಡುತ್ತ ಬಂದು ಅವಳ ಭುಜವನ್ನು ಸವರಿಕೊಂಡೇ ಮುಂದೆ ಹೋಯಿತು. ಅದನ್ನು ಅಟ್ಟಿಸಿಕೊಂಡು ಯಾರೂ ಬರಲಿಲ್ಲ. ಕೊರಳಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಕಿತ್ತು ಬಂದ ಗೂಟ. ಒದ್ದೆ ರಸ್ತೆಯ ಮೇಲೆ ಆ ಗೂಟ ಎದ್ದು ಬಿದ್ದು ಬಡಿಯುತ್ತ, ತಿರುವಿನವರೆಗೂ ಕೇಳಿಸುತ್ತಲೇ ಇತ್ತು.