ಗುಮ್ಮಣ್ಣ ಬರುವ ಹೊತ್ತು

"ಆಂಟಿ, ನಿಮ್ಮನೇಲಿ ಗುಮ್ಮಣ್ಣ ಬರತ್ತಾ?"

ಗೇಟಿನಾಚೆ ನಿಂತ ಹುಡುಗಿ ಏನು ಕೇಳುತ್ತಿದ್ದಾಳೆಂದು ದಾಸವಾಳದ ಬುಡಕ್ಕೆ ನೀರು ಬಿಡುತ್ತಿದ್ದ ನೀಲಮ್ಮನಿಗೆ ಒಮ್ಮೆಗೇ ತಿಳಿಯಲಿಲ್ಲ. ಉದ್ದಕ್ಕೆ, ಸಣ್ಣಗೆ ಇದ್ದ ಹುಡುಗಿ. ಬೆನ್ನಿಗೆ ಶಾಲೆಯ ಬ್ಯಾಗು. ಕಣ್ಣು ಎತ್ತಿ ನೋಡುತ್ತಿರಲಿಲ್ಲ, ಗೇಟಿನ ಚಿಲಕವನ್ನೇ ನೋಡುತ್ತಿದ್ದಳು.

"ಯಾರವ್ವ ನೀನು?"

"ತನ್ಮಯಿ. ರಕ್ಷಿತಾ ಕ್ಲಾಸು. ಅವಳ ಫ್ರೆಂಡು." ಚಿಲಕದ ಮೇಲೆ ಬೆರಳಿಟ್ಟು, "ನಮ್ಮನೇಲಿ ಕೇಬಲ್ ತೆಗೆಸಿಬಿಟ್ಟಿದಾರೆ ಆಂಟಿ. ಐದೂವರೆಗೆ ಶುರುವಾಗತ್ತೆ. ಅರ್ಧ ಗಂಟೆ ಅಷ್ಟೇ, ನೋಡ್ಕೊಂಡು ಹೋಗ್ಬಿಡ್ತೀನಿ," ಅಂದಳು.

ಕೊಳವೆಯಿಂದ ನೀರು ಸುರಿಯುತ್ತಲೇ ಇತ್ತು. ಮೂರು ತಿಂಗಳಿಂದ ಈ ಮನೆಗೆ ಬಂದವರು ಯಾರೂ ಗೇಟಿನ ಬಳಿ ನಿಂತು ಮಗಳ ಹೆಸರನ್ನು ಅಷ್ಟು ಸಲೀಸಾಗಿ ಹೇಳಿರಲಿಲ್ಲ. ಮಗು ಅನ್ನುತ್ತಿದ್ದರು, ಪಾಪು ಅನ್ನುತ್ತಿದ್ದರು. ನೀಲಮ್ಮ ನಲ್ಲಿ ನಿಲ್ಲಿಸಿ ಚಿಲಕ ತೆಗೆದಳು.

ರಕ್ಷಿತಾ ಹೋದದ್ದು ಜುಲೈನಲ್ಲಿ. ಎಂಟನೇ ಕ್ಲಾಸು ಶುರುವಾಗಿ ಒಂದೂವರೆ ತಿಂಗಳಾಗಿತ್ತು. ಡೆಂಗಿ ಅಂದರು, ಪ್ಲೇಟ್ಲೆಟ್ ಇಳಿಯುತ್ತಿದೆ ಅಂದರು, ಏರುತ್ತಿದೆ ಅಂದರು, ಮತ್ತೆ ಇಳಿಯಿತು ಅಂದರು. ಆರು ದಿನ. ಅಂದಿನಿಂದ ಟಿವಿಯ ಮೇಲೆ ನೀಲಮ್ಮ ಹೊದಿಸಿದ್ದ ಬಟ್ಟೆ ಹಾಗೇ ಇತ್ತು. ಯಾಕೆಂದರೆ ಗುಮ್ಮಣ್ಣನನ್ನು ದಿನವೂ ಐದೂವರೆಗೆ ನೋಡುತ್ತಿದ್ದವಳು ರಕ್ಷಿತಾ. ಸೋಫಾದ ಬೆನ್ನಿಗೆ ಕಾಲು ಎತ್ತಿ ಹಾಕಿ, ತಲೆ ಕೆಳಗೆ ಮಾಡಿಕೊಂಡು ನೋಡುತ್ತಿದ್ದಳು. "ಕತ್ತು ಉಳುಕ್ತದೆ, ನೆಟ್ಟಗೆ ಕೂತ್ಕೊಳೇ," ಅಂತ ನೀಲಮ್ಮ ಅಡುಗೆಮನೆಯಿಂದ ದಿನವೂ ಕೂಗುತ್ತಿದ್ದಳೇ ಹೊರತು ಒಂದು ದಿನವೂ ಬಂದು ಜೊತೆಗೆ ಕೂತಿರಲಿಲ್ಲ.

ಈಗ ಬಟ್ಟೆ ಸರಿಸಿ, ಟಿವಿ ಹಾಕಿ ಕೂತಳು. ಕಾರ್ಟೂನಿನಲ್ಲಿ ಟೀನಾ ಅನ್ನುವ ಹುಡುಗಿ. ಹೊಸ ಊರು, ಹೊಸ ಶಾಲೆ, ಯಾರೂ ಅವಳನ್ನು ಸೇರಿಸಿಕೊಳ್ಳುವುದಿಲ್ಲ. ಅವಳ ಬಾಡಿಗೆ ಮನೆಯ ಬಟ್ಟೆ ಬೀರುವಿನಲ್ಲಿ ಇನ್ನೂರು ವರ್ಷದಿಂದ ಒಂದು ದೆವ್ವ ಅಡಗಿಕೊಂಡಿದೆ. ಅದೇ ಗುಮ್ಮಣ್ಣ. ಮನುಷ್ಯರನ್ನು ಕಂಡರೆ ಅದಕ್ಕೇ ಭಯ. ಟೀನಾ ಅತ್ತ ದಿನ ಬೀರುವಿನೊಳಗಿಂದ ಒಂದು ಕರ್ಚೀಫು ಹೊರಗೆ ಬರುತ್ತದೆ, ಅಲ್ಲಿಂದ ಅವರಿಬ್ಬರ ಸ್ನೇಹ. ಯಾವ ದೇಶದ ಕಾರ್ಟೂನೋ, ಕನ್ನಡದಲ್ಲಿ ಮಾತಾಡುತ್ತಿತ್ತು. ತನ್ಮಯಿ ನೆಲದ ಮೇಲೆ ಮಂಡಿ ಕಟ್ಟಿ ಕೂತು, ಕಣ್ಣು ಮಿಟುಕಿಸದೆ ನೋಡಿದಳು. ಮೊದಲ ಜಾಹೀರಾತು ಬಂದಾಗ ತಿರುಗದೆಯೇ ಹೇಳಿದಳು:

"ರಕ್ಷಿತಾಗೆ ಈ ಎಪಿಸೋಡ್ ತುಂಬಾ ಇಷ್ಟ ಆಂಟಿ. ನಾವಿಬ್ರೂ ಊಟದ ಟೈಮಲ್ಲಿ ಇದನ್ನೇ ಮಾತಾಡ್ತಿದ್ವಿ."

"ಹೌದಾ? ಏನಂತಿದ್ಳು?"

ತನ್ಮಯಿ ಯೋಚಿಸಿದಳು. "ಗುಮ್ಮಣ್ಣ ನಮ್ಮ ಸ್ಕೂಲಿಗೆ ಬಂದ್ರೆ ನಮ್ಮಿಬ್ರ ಮಧ್ಯ ಕೂರಿಸ್ಕೊಳ್ಳೋಣ ಅಂತಿದ್ಲು." ನೀಲಮ್ಮ ನಕ್ಕಳು.

ಮಾರನೆಯ ದಿನ ಐದು ಗಂಟೆಗೇ ನೀಲಮ್ಮ ಉಪ್ಪಿಟ್ಟಿಗೆ ರವೆ ಹುರಿದಿಟ್ಟಳು.

ಹೀಗೆ ಅದೊಂದು ಅಭ್ಯಾಸವಾಯಿತು. ಕಾರ್ಟೂನು ನಡೆಯುವಾಗ ತನ್ಮಯಿ ಬಾಯಿ ಬಿಡುತ್ತಿರಲಿಲ್ಲ. ಜಾಹೀರಾತು ಬಂದರೆ ಮಾತ್ರ ರಕ್ಷಿತಾಳ ಸುದ್ದಿ. ನೀಲಮ್ಮ ಆ ಸೋಪಿನ, ಬಿಸ್ಕತ್ತಿನ ಜಾಹೀರಾತುಗಳಿಗೆ ಕಾಯತೊಡಗಿದಳು. ಗಣಿತದ ಟೆಸ್ಟಿನಲ್ಲಿ ತನ್ಮಯಿಯ ಪೆನ್ನು ನಿಂತಾಗ ರಕ್ಷಿತಾ ತನ್ನದನ್ನು ಕೊಟ್ಟಿದ್ದು. ಆಟದ ಬಯಲಲ್ಲಿ ಬಿದ್ದಾಗ ಕೈಹಿಡಿದು ಎಬ್ಬಿಸಿದ್ದು. ಸಾರಿ ಕೇಳಿದ್ದು, ಥ್ಯಾಂಕ್ಸ್ ಹೇಳಿದ್ದು. ಕೇಳುತ್ತ ಕೇಳುತ್ತ ನೀಲಮ್ಮನಿಗೆ ಒಮ್ಮೊಮ್ಮೆ, ಇದ್ಯಾವ ರಕ್ಷಿತಾ, ಮನೆಯಲ್ಲಿ ಒಂದು ಲೋಟ ನೀರು ಕೊಟ್ಟರೂ "ಇಡಿ ಅಲ್ಲಿ ಮಹಾರಾಣಿಯೋರೆ" ಅಂತ ಅಣಕಿಸುತ್ತಿದ್ದವಳು ಶಾಲೆಯಲ್ಲಿ ಇಷ್ಟು ಮೆದುವಾಗಿದ್ದಳಾ ಅನಿಸುತ್ತಿತ್ತು. ತಾನು ನೋಡದೆ ಹೋದ ಮಗಳು ಇನ್ನೂ ಅಷ್ಟು ಉಳಿದಿದ್ದಾಳಲ್ಲ ಎಂದು ಎದೆ ತುಂಬುತ್ತಿತ್ತು. ಸಂಜೆ ಗಂಡ ಶಿವಕುಮಾರ್ ಪೇಂಟ್ ಅಂಗಡಿಯಿಂದ ಬಂದು ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ಊಟಕ್ಕೆ ಕೂತಾಗ ಎಲ್ಲವನ್ನೂ ಒಂದೂ ಬಿಡದೆ ಹೇಳುತ್ತಿದ್ದಳು. ಅವನು ತಟ್ಟೆ ನೋಡಿಕೊಂಡು ಕೇಳುತ್ತಿದ್ದ.

ನವೆಂಬರ್ ಹದಿನೆಂಟು ರಕ್ಷಿತಾಳ ಹುಟ್ಟಿದ ದಿನ. ಅಂದು ಭಾನುವಾರ. ಬೆಳಿಗ್ಗೆ ಹನ್ನೊಂದಕ್ಕೆ ದಿವ್ಯ ತನ್ನ ತಾಯಿಯ ಜೊತೆ ಬಂದಳು. ಒಂದನೇ ಕ್ಲಾಸಿನಿಂದ ರಕ್ಷಿತಾಳ ಪಕ್ಕ ಕೂತವಳು ದಿವ್ಯ. ಇಡೀ ಕ್ಲಾಸಿನವರು ಹೆಸರು ಬರೆದ ದೊಡ್ಡದೊಂದು ಕಾರ್ಡು ತಂದಿದ್ದಳು. ಫೋಟೋದ ಮುಂದೆ ಅದನ್ನಿಟ್ಟು ಅತ್ತಳು. ನೀಲಮ್ಮನೂ ಅತ್ತಳು. ಆಮೇಲೆ ಕಾಫಿ ತಂದುಕೊಟ್ಟು, ಕಾರ್ಡಿನ ಹೆಸರುಗಳ ಮೇಲೆ ಬೆರಳಾಡಿಸುತ್ತ ಕೇಳಿದಳು:

"ತನ್ಮಯಿ ಬರ್ಲಿಲ್ವಾ ನಿಮ್ ಜೊತೆ?"

"ತನ್ಮಯೀನಾ?" ದಿವ್ಯ ಮೂಗು ಒರೆಸಿಕೊಂಡಳು. "ಅವಳ್ಯಾಕ್ ಬರ್ತಾಳೆ ಆಂಟಿ?"

"ಯಾಕಂದ್ರೆ... ಫ್ರೆಂಡ್ಸ್ ಅಲ್ವೇನವ್ವ ನೀವೆಲ್ಲ?"

"ಅಯ್ಯೋ ಇಲ್ಲ ಆಂಟಿ. ಅವಳನ್ನ ನಾವ್ಯಾರೂ ಸೇರಿಸ್ಕೊಳ್ತಿರ್ಲಿಲ್ಲ. ಸುಮ್ಸುಮ್ನೆ ಹಿಂದೆ ಬಂದು ನಿಂತ್ಕೊಂಡಿರ್ತಾಳೆ, ತಿರುಗಿ ನೋಡಿದ್ರೆ ಹೆದ್ರಿಕೆ ಆಗುತ್ತೆ. ಅದಕ್ಕೇ ರಕ್ಷಿ ಅವಳಿಗೆ ಗುಮ್ಮಿ ಅಂತ ಹೆಸರಿಟ್ಟಿದ್ಲು. ಈಗ್ಲೂ ಎಲ್ರೂ ಹಂಗೇ ಕರೆಯೋದು."

ದಿವ್ಯಳ ತಾಯಿ ಮಗಳ ತೊಡೆ ಚಿವುಟಿದ್ದು ನೀಲಮ್ಮನಿಗೆ ಕಾಣಿಸಿತು. "ಮಕ್ಕಳು ಅಲ್ವೇನ್ರೀ, ಏನೋ ತಮಾಷೆಗೆ," ಅಂದರು ಆಕೆ. "ಹೂಂ ಕಣ್ರೀ," ಅಂದಳು ನೀಲಮ್ಮ. ಅವರನ್ನು ಗೇಟಿನ ತನಕ ಕಳಿಸಿ ಬಂದು, ಕುಡಿಯದೆ ಬಿಟ್ಟಿದ್ದ ಕಾಫಿಯನ್ನು ಸಿಂಕಿಗೆ ಚೆಲ್ಲಿ, ಬಹಳ ಹೊತ್ತು ಲೋಟ ತೊಳೆಯುತ್ತ ನಿಂತಳು.

ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ. ದಿವ್ಯ ಇದ್ದದ್ದನ್ನು ಹೇಳಿದ್ದಳು. ಮಗಳ ಮೇಲೆ ಮಾಡಿಕೊಳ್ಳೋಣವೆಂದರೆ, ಸತ್ತ ಮಗಳನ್ನು ಗದರುವುದಾದರೂ ಹೇಗೆ? ಉಳಿದವಳು ಆ ಹುಡುಗಿಯೊಬ್ಬಳೇ. ತನ್ನ ನೆಲದ ಮೇಲೆ ಕೂತು, ತನ್ನ ಉಪ್ಪಿಟ್ಟು ತಿಂದು, ಇಲ್ಲದ ರಕ್ಷಿತಾಳನ್ನು ದಿನಕ್ಕೊಂದಿಷ್ಟು ಕೊಟ್ಟುಹೋದವಳು.

ಸೋಮವಾರ ಐದು ಇಪ್ಪತ್ತೈದಕ್ಕೆ ಬೆಲ್ಲು ಆದಾಗ ನೀಲಮ್ಮ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಏಳಲಿಲ್ಲ. ಇನ್ನೊಮ್ಮೆ ಆಯಿತು. "ಆಂಟಿ," ಅಂತ ಒಂದು ಸಣ್ಣ ದನಿ. ಆಮೇಲೆ ಸದ್ದಿಲ್ಲ. ಹೋದಳೆಂದುಕೊಂಡು ಕಿಟಕಿಯಿಂದ ನೋಡಿದರೆ ಹುಡುಗಿ ಮೆಟ್ಟಿಲ ಮೇಲೆ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಆರು ಗಂಟೆಯ ತನಕ ಹಾಗೇ ಕೂತಿದ್ದು, ಎದ್ದು, ಗೇಟು ಸದ್ದಾಗದಂತೆ ಹಾಕಿಕೊಂಡು ಹೋದಳು. ಮಂಗಳವಾರವೂ ಅಷ್ಟೇ. ಬುಧವಾರ ಬರಲಿಲ್ಲ.

ಗುರುವಾರ ಶಿವಕುಮಾರ್ ಊಟಕ್ಕೆ ಕೂತಾಗ ತಾನೇ ಕೇಳಿದ. "ಏನು, ಆ ಮಗು ಏನೂ ಹೇಳ್ಲಿಲ್ವಾ ಇವತ್ತು?"

ನೀಲಮ್ಮ ಎಲ್ಲ ಹೇಳಿದಳು. "ಎಲ್ಲಾ ಸುಳ್ಳು ಕಣ್ರೀ. ಒಂದೊಂದೂ ಸುಳ್ಳು. ನಮ್ಮುಡುಗಿ ಅವಳ ಜೊತೆ ಮಾತೂ ಆಡ್ತಿರ್ಲಿಲ್ವಂತೆ. ನಾನೊಬ್ಳು ಬಾಯ್ಬಿಟ್ಕೊಂಡು ಕೇಳ್ತಾ ಕೂತ್ಬುಟ್ಟೆ."

ಅವನು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದ. "ನಾನೂ ಕೇಳ್ತಿದ್ದೆ," ಅಂದ. "ಒಂದು ತಿಂಗಳಿಂದ ಏಳಕ್ಕೇ ಅಂಗಡಿ ಬಾಗಿಲು ಹಾಕ್ಕೊಂಡು ಬರ್ತಿದೀನಿ, ನೀನು ನೋಡಿಲ್ಲ." ಆಮೇಲೆ ಮಜ್ಜಿಗೆ ಬಡಿಸಿಕೊಂಡ.

ಶುಕ್ರವಾರ ಸಂಜೆ ನೀಲಮ್ಮ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ನೀರಿನ ಟ್ಯಾಂಕಿನ ಹಿಂದಿನ ರಸ್ತೆ, ಹಸಿರು ಗೇಟು ಅಂತ ಹುಡುಗಿ ಯಾವಾಗಲೋ ಹೇಳಿದ್ದು ನೆನಪಿತ್ತು. ಶ್ರೀರಾಂಪುರ ಬಡಾವಣೆಯ ಆ ಕಡೆ ಇನ್ನೂ ಅರ್ಧಕ್ಕರ್ಧ ಖಾಲಿ ಸೈಟುಗಳು, ಹುಡುಕುವುದು ಕಷ್ಟವಾಗಲಿಲ್ಲ. ಏನು ಕೇಳಬೇಕು, ಬೈಯಬೇಕೋ ಬೇಡವೋ ಯಾವುದನ್ನೂ ಯೋಚಿಸಿರಲಿಲ್ಲ. ಹಸಿರು ಗೇಟಿನ ಮುಂದೆ ನಿಂತಾಗ ತೆರೆದ ಕಿಟಕಿಯಿಂದ ಗುಮ್ಮಣ್ಣನ ಹಾಡು ಕೇಳಿಸಿತು.

ಬಾಗಿಲು ತೆರೆದೇ ಇತ್ತು. ಒಳಗೆ ಗೋಡೆಯ ಅರ್ಧದಷ್ಟಿದ್ದ ಟಿವಿ. ಅದರ ಮುಂದೆ ತನ್ಮಯಿ ಒಬ್ಬಳೇ. ನೀಲಮ್ಮನನ್ನು ನೋಡಿ ಗಾಬರಿಯಿಂದ ಎದ್ದು ರಿಮೋಟು ಹುಡುಕಿದಳು, ಸಿಗಲಿಲ್ಲ. ಗುಮ್ಮಣ್ಣ ಮಾತಾಡುತ್ತಲೇ ಇದ್ದ.

"ಮನೇಲಿ ಯಾರೂ ಇಲ್ವಾ?" ಎಂದಳು ನೀಲಮ್ಮ.

"ಅಪ್ಪ ಕಾಲೇಜು ಮುಗಿಸ್ಕೊಂಡು ಟ್ಯೂಷನ್ ಹೇಳ್ಕೊಡೋಕೆ ಹೋಗ್ತಾರೆ. ಬರೋದು ಎಂಟೂವರೆ."

"ಅಮ್ಮ?"

"ಅಮ್ಮ ವಿಜಯನಗರದಲ್ಲಿದಾರೆ. ಅಲ್ಲಿ ಅವರ ಮನೆ. ತಿಂಗಳಲ್ಲಿ ಒಂದು ಭಾನುವಾರ ಬರ್ತಾರೆ." ಪಾಠ ಒಪ್ಪಿಸುವವಳಂತೆ ಹೇಳಿ, ತಲೆ ತಗ್ಗಿಸಿ ನಿಂತಳು. "ದಿವ್ಯ ಹೇಳಿದ್ಲಾ ಆಂಟಿ?"

"ಹೂಂ."

"ಕೇಬಲ್ ಇತ್ತು ಆಂಟಿ ನಮ್ಮನೇಲಿ. ತೆಗೆಸಿರ್ಲಿಲ್ಲ." ಎಲ್ಲ ಸುಳ್ಳುಗಳಲ್ಲಿ ಅದೇ ದೊಡ್ಡದೆಂಬಂತೆ ಅದನ್ನೇ ಮೊದಲು ಹೇಳಿದಳು. "ಮೊದಲ್ನೇ ದಿನ ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ. ಏನಂತಿದ್ಳು ಅಂತ ನೀವು ಕೇಳಿದ್ರಲ್ಲ, ಅದಕ್ಕೆ ಹೇಳ್ದೆ. ನೀವು ನಕ್ಕಿದ್ರಿ."

ನೀಲಮ್ಮ ಅಲ್ಲೇ ಇದ್ದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಳು. ದಾರಿಯಲ್ಲಿ ಇದ್ದ ಸಿಟ್ಟು ಎಲ್ಲಿ ಬಿದ್ದು ಹೋಯಿತೋ. ಅದರ ಜಾಗದಲ್ಲಿ ಉಳಿದದ್ದು ಒಂದೇ ಆಸೆ, ಅದನ್ನು ಬಾಯಿಬಿಟ್ಟು ಕೇಳಲು ನಾಚಿಕೆಯಾಯಿತು. ಆದರೂ ಕೇಳಿದಳು.

"ನಿಜವಾದ್ದು ಒಂದು ಹೇಳವ್ವ. ಅವ್ಳು ನಿಂಗೆ ನಿಜವಾಗ್ಲೂ ಏನಂದಿದ್ಳು?"

"ಬೇಡ ಆಂಟಿ."

"ನಾನೇನೂ ಅನ್ಕೊಳ್ಳಕಿಲ್ಲ. ಹೇಳು."

ತನ್ಮಯಿ ಕಿಟಕಿಯ ಸರಳು ಹಿಡಿದುಕೊಂಡಳು. "ಜೂನಲ್ಲಿ, ಹೊಸಾ ಕ್ಲಾಸು ಶುರುವಾದಾಗ... ಅವಳ ಬೆಂಚಲ್ಲಿ ಜಾಗ ಇತ್ತು. ನಾನು ಹೋಗಿ, ಕೂತ್ಕೋಬಹುದಾ ಅಂದೆ. ಅವಳು ಬ್ಯಾಗ್ ತೆಗೆದು ಅಲ್ಲಿಟ್ಟು..." ಹುಡುಗಿ ಸರಳು ಬಿಟ್ಟಳು. ಆಮೇಲೆ, ಬೇರೆ ಹೇಗೆ ಹೇಳಬೇಕೋ ಗೊತ್ತಾಗದವಳಂತೆ, ಒಂದು ಕೈಯನ್ನು ಸೊಂಟಕ್ಕಿಟ್ಟು, ಕತ್ತು ಓರೆ ಮಾಡಿ, ರಾಗ ಎಳೆದಳು: "'ಅಯ್ಯೋ, ಈ ಸೀಟು ಖಾಲಿ ಇಲ್ಲ ಕಣಮ್ಮಾ. ನಮ್ಮಜ್ಜಿ ಎಲೆಅಡಿಕೆ ತರಕ್ಕೆ ಹೋಗವ್ರೆ, ಇನ್ನೇನ್ ಬಂದ್ಬುಡ್ತಾರೆ.'"

ತಮ್ಮ ಎದುರುಮನೆಯ ಮುದುಕಿಯನ್ನು ರಕ್ಷಿತಾ ಅಣಕಿಸುತ್ತಿದ್ದ ದನಿ ಅದು. ಅದೇ ಸೊಂಟ, ಅದೇ ಓರೆ ಕತ್ತು. ನೀಲಮ್ಮನಿಗೆ ತಡೆಯಲಾಗಲಿಲ್ಲ, ನಕ್ಕುಬಿಟ್ಟಳು. ಜುಲೈನಿಂದ ಈಚೆಗೆ ಅಷ್ಟು ಜೋರಾಗಿ ನಕ್ಕಿರಲಿಲ್ಲ. ನಗು ಮುಗಿಯುವ ಮೊದಲೇ ತಾನು ಯಾವುದಕ್ಕೆ, ಯಾರೆದುರಿಗೆ ನಗುತ್ತಿದ್ದೇನೆಂದು ತಿಳಿದು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸೆರಗಿನೊಳಗೆ ಅದು ಅಳುವಾಯಿತು. ಎಷ್ಟು ಹೊತ್ತಾದರೂ ನಿಲ್ಲಲಿಲ್ಲ.

ಹುಡುಗಿ ಒಳಗೆ ಹೋಗಿ ನೀರು ತಂದಳು. ಲೋಟ ತುಂಬಿ ತುಳುಕುತ್ತಿತ್ತು. "ತಮಾಷೆಯಾಗೇ ಇತ್ತು ಆಂಟಿ," ಅಂದಳು ಸಮಾಧಾನ ಹೇಳುವಂತೆ. "ನಂಗೂ ನಗು ಬಂದಿತ್ತು. ಆಮೇಲೆ ಬಾತ್‌ರೂಮಿಗೆ ಹೋದಾಗ ಅಳು ಬಂತು." ಲೋಟ ಕೈಗೆ ಕೊಟ್ಟು ಸೇರಿಸಿದಳು. "ಒಂಬತ್ತನೇ ಕ್ಲಾಸಿಗೆ ಸೆಕ್ಷನ್ ಬದಲಾಯಿಸ್ತಾರೆ. ಆಗ ಫ್ರೆಂಡ್ ಆಗ್ತಿದ್ಲೇನೋ."

ಮಗಳ ಪರವಾಗಿ ಒಂದು ಮಾತು ಹೇಳಬೇಕೆಂದು ನೀಲಮ್ಮನಿಗೆ ಅನಿಸಿತು. ರಕ್ಷಿತಾ ಬದುಕಿದ್ದರೆ ಕಿವಿ ಹಿಂಡಿ ಇಲ್ಲಿಗೆ ಕರೆತಂದು ಅವಳಿಂದಲೇ ಸಾರಿ ಕೇಳಿಸಬಹುದಿತ್ತು. ಟಿವಿಯಲ್ಲಿ ಯಾವಾಗಲೋ ಗುಮ್ಮಣ್ಣ ಮುಗಿದು ಬೇರೇನೋ ಬರುತ್ತಿತ್ತು. ಹೊರಗೆ ಬೆಳಕು ಇಳಿಯುತ್ತಿತ್ತು. ಕಣ್ಣೊರೆಸಿಕೊಂಡು ನೋಡಿದಾಗ, ಎದುರಿಗೆ ನಿಂತ ಹುಡುಗಿಯ ಸಮವಸ್ತ್ರದ ನೀಲಿ ಲಂಗದ ಅಂಚು ಒಂದು ಕಡೆ ಪೂರಾ ಬಿಚ್ಚಿ ಮೊಣಕಾಲ ಕೆಳಗೆ ಜೋತುಬಿದ್ದಿತ್ತು. ಎರಡು ಪಿನ್ನು ಹಾಕಿದ್ದಳು, ಅವೂ ತುಕ್ಕು ಹಿಡಿದಿದ್ದವು.

"ಎಷ್ಟು ದಿನ ಆಯ್ತೇ ಇದು ಬಿಚ್ಚಿ?"

"ದಸರಾ ರಜಾಕ್ಕೆ ಮೊದ್ಲಿಂದ."

"ಸೂಜಿ ದಾರ ಅದಾ ಮನೇಲಿ?"

ತನ್ಮಯಿ ಒಳಕ್ಕೆ ಹೋದಳು. ಕಪಾಟುಗಳ ಬಾಗಿಲು ತೆಗೆದು ಹಾಕುವ ಸದ್ದು ಬಹಳ ಹೊತ್ತು ಕೇಳಿತು. ಕೊನೆಗೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಹಿಡಿದು ಬಂದಳು. "ಅಮ್ಮನದು. ಬಿಟ್ಟುಹೋಗಿದಾರೆ."

ಡಬ್ಬಿಯಲ್ಲಿ ನೀಲಿ ದಾರವಿರಲಿಲ್ಲ, ಕಪ್ಪಿತ್ತು. ನೀಲಮ್ಮ ಕಿಟಕಿಯ ಬೆಳಕಿಗೆ ಸೂಜಿ ಹಿಡಿದು, ಮೂರನೆಯ ಸಲಕ್ಕೆ ದಾರ ಪೋಣಿಸಿದಳು. ಹುಡುಗಿಯನ್ನು ಸಣ್ಣದೊಂದು ಸ್ಟೂಲಿನ ಮೇಲೆ ನಿಲ್ಲಿಸಿ, ತಾನು ಕೆಳಗೆ ಕೂತು, ಪಿನ್ನುಗಳನ್ನು ಬಿಚ್ಚಿ ಪಕ್ಕಕ್ಕಿಟ್ಟಳು. ಅಂಚನ್ನು ಮಡಚಿ ಉಗುರಿನಿಂದ ಗೀರಿ ಹೊಲಿಯತೊಡಗಿದಳು.

"ಅಲ್ಲಾಡ್ಬೇಡ ಮಗ, ಚುಚ್ಚೋಯ್ತದೆ."

ಒಂದು ಗೇಣು ಹೊಲಿದಾದ ಮೇಲೆ, "ಈಗ ತಿರುಗು," ಅಂದಳು. ತನ್ಮಯಿ ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದು, ಸ್ಟೂಲಿನ ಮೇಲೆ ಸ್ವಲ್ಪ ತಿರುಗಿದಳು. ನೀಲಮ್ಮ ಮತ್ತೊಂದು ಗೇಣು ಹೊಲಿದಳು. ಅವಳು ಮತ್ತೂ ಸ್ವಲ್ಪ ತಿರುಗಿದಳು.