ಅರ್ಧಕ್ಕೆ ನಿಂತ ಥ್ಯಾಂಕ್ಸ್

ಗುಡ್ಡದ ಕಲ್ಲುಗೋಡೆಗೆ ಹೊಸ ಗೇಟು ಬಂದಿತ್ತು. ಅದರ ಮೇಲೊಂದು ಹಸಿರು ಹಲಗೆ: 'ಮಾಲೀಕರ ಅನುಮತಿಯ ಮೇರೆಗೆ ನಡೆದಾಡಬಹುದು. ಸುಸ್ವಾಗತ.' ಆ ಸುಸ್ವಾಗತವೇ ಹೆಸ್ಟರ್‌ಳ ಮೈ ಉರಿಸಿತು.

ವೃದ್ಧಾಶ್ರಮದ ಬೆಳಗಿನ ಪಾಳಿ ಮುಗಿಸಿ, ಮಕ್ಕಳು ಶಾಲೆಯಿಂದ ಬರುವುದರೊಳಗೆ ಅವಳಿಗೆಂದು ಸಿಗುತ್ತಿದ್ದುದು ವಾರಕ್ಕೊಂದು ಮಧ್ಯಾಹ್ನ. ಸ್ವೇಲ್ ಕಣಿವೆಯಿಂದ ಮೇಲೆ ಹತ್ತಿ, ಇವತ್ತಿಗೂ ಹುಲ್ಲು ಹುಟ್ಟದ ಸೀಸದ ಗಣಿಯ ಮಣ್ಣುಗುಡ್ಡೆಗಳನ್ನು ಬಳಸಿ, ಹಳೆಯ ಸುರಂಗದ ಬಾಯಿಗೆ ಹೋಗಿ ಬರುವಳು. ಆ ದಾರಿ ಅವಳ ಮುತ್ತಜ್ಜಂದಿರ ಕಾಲು ಸವೆಸಿದ್ದು. ಗುಡ್ಡ ಮಾತ್ರ ಈಗ ಲಂಡನ್ನಿನ ಫೆಲಿಕ್ಸ್‌ನದು. ಹಕ್ಕಿ ಬೇಟೆಗೆಂದು ಕೊಂಡಿದ್ದ.

ದಾರಿ ಯಾರದೆಂದು ತೀರ್ಮಾನಿಸಲು ಮುಂದಿನ ತಿಂಗಳು ಸರ್ಕಾರದ ಅಧಿಕಾರಿ ಬರುವವನಿದ್ದ. ಊರಿನವರನ್ನು ಅವನು ಕೇಳುವುದು ಒಂದೇ ಮಾತು: ಯಾರ ಅಪ್ಪಣೆಯಾದರೂ ಪಡೆದು ನಡೆದಿರಾ? ಕೇಳದೆ ನಡೆದಿದ್ದರೆ ದಾರಿ ಊರಿನದು. ಅಪ್ಪಣೆ ಪಡೆದಿದ್ದರೆ ಫೆಲಿಕ್ಸ್‌ನದು, ಮನಸ್ಸು ಬಂದ ದಿನ ಮುಚ್ಚಿಬಿಡಬಹುದು. ಮುಖ್ಯ ಸಾಕ್ಷಿ ಅವಳ ಸೋದರಮಾವ ವಿಲ್ಫ್. ಆಯುಷ್ಯವಿಡೀ ಬಸ್ ಕಂಡಕ್ಟರಾಗಿದ್ದವನು. ಬಾಗಿಲು ತಾನಾಗಿ ತೆರೆದುಕೊಂಡರೂ ಅದಕ್ಕೆ ಥ್ಯಾಂಕ್ಸ್ ಹೇಳುವ ಮನುಷ್ಯ.

ಇವತ್ತು ಜೊತೆಗೆ ಬಂದಿದ್ದ ಮಾವನೊಡನೆ ಅವಳು ಗೇಟಿನ ಮುಂದೆ ನಿಂತಿರುವಾಗಲೇ ಜೀಪು ಬಂತು. ಫೆಲಿಕ್ಸ್ ಇಳಿದು ಗೇಟನ್ನು ಅಗಲವಾಗಿ ತೆರೆದ.

"ಬನ್ನಿ, ಧಾರಾಳವಾಗಿ ಹೋಗಿ. ನನ್ನದೇನೂ ಅಭ್ಯಂತರ ಇಲ್ಲ."

ವಿಲ್ಫ್‌ನ ಕೈ ಟೋಪಿಗೆ ಹೋಯಿತು. "ಥ್ಯಾಂ..."

ಹೆಸ್ಟರ್ ಅವನ ಪಾದವನ್ನು ಬಲವಾಗಿ ತುಳಿದಳು.

"ಅಯ್ಯೋ, ಕಾಲು ಕಣೇ!"

"ಇರ್ಲಿ ಮಾಮ, ಇನ್ನೊಂದಿದೆಯಲ್ಲ."

ಫೆಲಿಕ್ಸ್ ನಕ್ಕ. "ಒಂದು ಥ್ಯಾಂಕ್ಸ್‌ಗೆ ಇಷ್ಟೊಂದು ಜಿಪುಣತನವಾ?"

"ನಮ್ಮ ದಾರೀನ ನಮಗೇ ದಾನ ಮಾಡ್ತಿದೀರಿ ಸಾರ್. ನಾವು ಕೇಳಿರ್ಲಿಲ್ಲ."

"ಮಳೆ ಬರ್ತಾ ಇದೆ. ಗೇಟು ತೆರೆದೇ ಇದೆ."

"ಗೇಟು ನಿಮ್ದು. ನೀವೇ ಇಟ್ಕೊಳ್ಳಿ."

ತುಸು ದೂರದಲ್ಲಿ, ತುರುಚೆ ಗಿಡಗಳ ನಡುವೆ, ಗೋಡೆಯಿಂದ ಹೊರಚಾಚಿದ ಕಲ್ಲುಗಳಿದ್ದವು. ಗಣಿಯವರು ಹತ್ತಿ ದಾಟಲು ಇಟ್ಟ ಮೆಟ್ಟಿಲು. ಬೆಳಗಿನಿಂದ ಮುದುಕರನ್ನು ಎತ್ತಿ ಇಳಿಸಿ ಹೆಸ್ಟರ್‌ಳ ಬೆನ್ನು ಮುರಿದುಹೋಗಿತ್ತು. ಆದರೂ ಹತ್ತಿದಳು.

"ನನ್ನ ಸೊಂಟ ಕೇಳಲ್ಲ ಕಣೇ," ವಿಲ್ಫ್ ಗೊಣಗಿದ.

"ಅದೂ ಸಾಕ್ಷಿ ಹೇಳ್ಬೇಕು. ಹತ್ತು."

ಅವಳು ಕೈ ಹಿಡಿದು ಎಳೆದಳು. ಗೋಡೆಯ ಮೇಲೆ ತೂರಾಡುತ್ತ ನಿಂತ ವಿಲ್ಫ್ ತಿರುಗಿ ಕೂಗಿದ: "ಸ್ವಾಮೀ, ನಾನು ಹೇಳಿದ್ದು 'ಥ್ಯಾಂ' ಅಷ್ಟೇ. ಅದನ್ನೂ ವಾಪಸ್ ತಗೊಂಡಿದೀನಿ!"

ಸುರಂಗದ ಕಮಾನಿನಿಂದ ತಣ್ಣನೆ ಗಾಳಿ ಬಂತು. ಕಣಕಾಲು ಮುಳುಗುವ ನೀರಿನಲ್ಲಿ ಟಾರ್ಚು ಹಿಡಿದು ಇಬ್ಬರೂ ಒಳಗೆ ನಡೆದರು. ಗೋಡೆಯ ಮೇಲೆ ಗುದ್ದಲಿ ಕಚ್ಚಿದ ಗುರುತುಗಳು ಇನ್ನೂ ಹಸಿಯಾಗಿ ಕಂಡವು. ಅಲ್ಲಿ ಅಗೆದು ಹೋದವರನ್ನೆಲ್ಲ ಊರಿನವರು ಒಂದೇ ಹೆಸರಿನಿಂದ 'ಮುದುಕಪ್ಪ' ಎನ್ನುತ್ತಾರೆ. ಒಳಗೆ ಹೋದವರು ಅವನಿಗೊಂದು ತುತ್ತು ಬಿಟ್ಟು ಬರಬೇಕು. ವಿಲ್ಫ್ ಜೇಬಿನಿಂದ ಹಂದಿಮಾಂಸದ ಕಡುಬು ತೆಗೆದು, ಮುರಿದು, ಕಲ್ಲಿನ ಗೂಡಿನಲ್ಲಿಟ್ಟ.

"ಇವನಿಗಾದ್ರೂ ಹೇಳ್ಬಹುದಾ?"

"ಎಷ್ಟು ಬೇಕಾದ್ರೂ ಹೇಳು ಮಾಮ."

"ಥ್ಯಾಂಕ್ಸ್ ಮುದುಕಪ್ಪಾ!" ಟೋಪಿ ತೆಗೆದು ಗಂಟಲು ಹರಿಯುವಂತೆ ಕೂಗಿದ. ಕತ್ತಲೆ ಅದನ್ನು ಒಳಗೊಳಗೆ ಸಾಗಿಸಿಕೊಂಡು ಹೋಯಿತು.

ಇಳಿದು ಬರುವಾಗ ಮಳೆ ಜೋರಾಗಿತ್ತು. ಗೇಟು ಹಾಗೆಯೇ ತೆರೆದಿತ್ತು. ಜೀಪಿನೊಳಗೆ ಫೆಲಿಕ್ಸ್ ಕಾಯುತ್ತ ಕೂತಿದ್ದ.

"ಮತ್ತೆ ಗೋಡೆನಾ?" ಎಂದ ವಿಲ್ಫ್.

ಹೆಸ್ಟರ್ ಆಗಲೇ ಮೊದಲ ಕಲ್ಲಿನ ಮೇಲಿದ್ದಳು.