ಒಲೆ ಎಣಿಸುವ ವೆಂಕಟಗಿರಿ

ವೆಂಕಟಗಿರಿಯವರು ನಡೆಯುವಾಗ ನಾಲ್ಕು ಹೆಜ್ಜೆಗೊಮ್ಮೆ ನಿಂತು, ಬಲಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ನೋಡುತ್ತಿದ್ದರು. ರಾಜಾಜಿನಗರದ ಹೊಸ ಬಡಾವಣೆಯ ಜನ ಅದನ್ನು ವಾತವೆಂದೇ ನಂಬಿ ಎಣ್ಣೆಯ ಹೆಸರುಗಳನ್ನು ಸೂಚಿಸುತ್ತಿದ್ದರು. ಗಣಿ ಇಲಾಖೆಯ ಇನ್‌ಸ್ಪೆಕ್ಟರಾಗಿ ಇಪ್ಪತ್ತು ವರ್ಷ ಮಣ್ಣಿನ ಕಟ್ಟೆಗಳ ಮೇಲೆ ಓಡಾಡಿದ ಆ ಕಾಲು, ಕೆಂಗೇರಿಯ ಕೆರೆ ಏರಿಯಾಗಲಿ ಸ್ವಂತ ಮನೆಯ ಅಂಗಳವಾಗಲಿ, ತೇವವೆಲ್ಲಿದೆಯೆಂದು ವಿಚಾರಿಸದೆ ಮುಂದಕ್ಕೆ ಹೋಗಲು ಒಪ್ಪುತ್ತಿರಲಿಲ್ಲ, ಅಷ್ಟೆ.

ಇನ್ನೊಂದು ಚಾಳಿಯೂ ಇತ್ತು. ಬೆಳಿಗ್ಗೆ ಮಾಸಿದ ಕಪ್ಪು ಕೋಟು ತೊಟ್ಟು ಬಾಗಿಲಲ್ಲಿ ನಿಂತು, ಬೀದಿಯಲ್ಲಿ ಎಷ್ಟು ಮನೆಗಳಿಂದ ಹೊಗೆ ಏಳುತ್ತಿದೆಯೆಂದು ಎಣಿಸುವುದು.

"ಊರವರ ಒಲೆ ಎಣಿಸಿದ್ದು ಸಾಕು. ನಮ್ಮದು ಆರ್ತಾ ಇದೆ, ಸೌದೆ ತನ್ನಿ," ಎನ್ನುತ್ತಿದ್ದರು ಹೆಂಡತಿ ಅನಂತಲಕ್ಷ್ಮಿ.

ಸಾವಿರದ ಒಂಬೈನೂರ ಐವತ್ತೇಳರ ಬೇಸಿಗೆಯಲ್ಲಿ ಒಂದು ಚಿನ್ನದ ಗಣಿಯ ಕಡತ ಬಂತು. ಚಿನ್ನ ತೆಗೆದ ಮೇಲೆ ಉಳಿಯುವ ನುಣ್ಣನೆಯ ಕೆಸರನ್ನು ಅಲ್ಲಿ ಒಂದು ಮಣ್ಣಿನ ಕಟ್ಟೆ ತಡೆದು ನಿಲ್ಲಿಸಿತ್ತು. ಅದರ ಕೆಳಗೇ ಕೂಲಿಗಳ ಗುಡಿಸಲು. ಇಲಾಖೆಯೋ ಕಟ್ಟೆಯ ಅಪಾಯವನ್ನು ಎತ್ತರದಿಂದ ಅಳೆಯುತ್ತಿತ್ತು. ಗಿಡ್ಡ ಕಟ್ಟೆ ಎಂದರೆ ಮೂರನೆಯ ದರ್ಜೆ, ಮೂರು ವರ್ಷಕ್ಕೊಮ್ಮೆ ಇಣುಕಿದರೆ ಮುಗಿಯಿತು.

"ಹದಿನೆಂಟೇ ಅಡಿ ಕಣ್ರೀ, ಸೈನ್ ಹಾಕಿ. ಪ್ರಮೋಷನ್ ಪಟ್ಟಿ ಇದೇ ತಿಂಗಳು, ನೆನಪಿರಲಿ," ಎಂದರು ಮೇಲಧಿಕಾರಿ ಪದ್ಮನಾಭಯ್ಯ.

"ಕೆಳಗೆ ಅರವತ್ತೆರಡು ಒಲೆ ಉರೀತವೆ ಸಾರ್. ಎಷ್ಟು ಎತ್ತರ ಅನ್ನೋದು ಆಮೇಲಿರಲಿ. ಬಿದ್ರೆ ಯಾರ ಮೇಲೆ ಬೀಳುತ್ತೆ, ಅದನ್ನ ಮೊದಲು ನೋಡಬೇಕು."

ಹೀಗೆಂದು ಕೋಟಿನ ಜೇಬಿನಿಂದ ಒಂದು ಸೀಸೆ ತೆಗೆದು ಮೇಜಿನ ಮೇಲಿಟ್ಟರು. ಅಂದು ಬೆಳಿಗ್ಗೆ ತಾವೇ ಹೋಗಿ ಹಿಡಿದು ತಂದ, ಕಟ್ಟೆಯ ಬುಡದಲ್ಲಿ ಜಿನುಗುತ್ತಿದ್ದ ನೀರು ಅದು, ಬಸ್ಸಿನ ಕುಲುಕಾಟಕ್ಕೆ ಕದಡಿ ಹಾಲಿನಂತಾಗಿತ್ತು. ಕಾಫಿ ಬಂತು, ಕುಡಿದದ್ದಾಯಿತು. ಅಷ್ಟರಲ್ಲಿ ಸೀಸೆಯ ತಳದಲ್ಲಿ ಒಂದು ಬೆರಳು ಮಣ್ಣು ಕೂತಿತ್ತು.

"ತಿಳಿನೀರು ಜಿನುಗಿದ್ರೆ ನಾನು ಮಾತಾಡ್ತಾನೇ ಇರಲಿಲ್ಲ. ಕಟ್ಟೆ ತನ್ನ ಹೊಟ್ಟೆ ಮಣ್ಣನ್ನೇ ಹೊರಗೆ ಹಾಕ್ತಾ ಇದೆ ಸಾರ್. ಪಟ್ಟಿಯಿಂದ ನನ್ನ ಹೆಸರು ಬೇಕಾದ್ರೆ ಹೊಡೆದುಹಾಕಿ."

ಪದ್ಮನಾಭಯ್ಯ ಸೀಸೆಯನ್ನು ಬಹಳ ಹೊತ್ತು ವಾಲಿಸಿ ನೋಡಿದರು. ಕೆಟ್ಟ ಮನುಷ್ಯರಲ್ಲ. ಕಡೆಗೆ ತಮ್ಮ ಕೈಯಾರೆ ಮೂರನ್ನು ಹೊಡೆದು ಒಂದು ಎಂದು ಬರೆದರು. ಒಂದನೆಯ ದರ್ಜೆಯ ಕಟ್ಟೆಯ ಕೆಳಗೆ ಯಾರೂ ವಾಸಿಸಕೂಡದು. ತಿಂಗಳೊಳಗೆ ಗುಡಿಸಲುಗಳೆಲ್ಲ ಪಕ್ಕದ ಗುಡ್ಡ ಹತ್ತಿದವು.

ಆಷಾಢದ ಒಂದು ಮಧ್ಯಾಹ್ನ ಕಟ್ಟೆ ಒಡೆಯಿತು. ಕಚೇರಿಗೆ ಟ್ರಂಕ್ ಕಾಲ್ ಬಂದಾಗ ವೆಂಕಟಗಿರಿ ಕೇಳಿದ್ದು ಒಂದೇ ಮಾತು: "ಒಲೆ?"

"ಒಂದೂ ಇರಲಿಲ್ಲ ಸಾರ್. ಎಲ್ಲಾ ಗುಡ್ಡದ ಮೇಲೇ ಉರೀತಾ ಇದ್ವು."

ಅಂದು ಸಂಜೆ ಅವರು ಒಂದು ಸಲವೂ ಹಿಮ್ಮಡಿ ಒತ್ತದೆ, ಮದುವಣಿಗನ ಹಾಗೆ ಎದೆಯೆತ್ತಿ ಬೀದಿಯುದ್ದಕ್ಕೂ ನಡೆದು ಬಂದರು. ಕೈಯಲ್ಲಿ ಜಿಲೇಬಿಯ ಪೊಟ್ಟಣ. ಏನು ವಿಶೇಷವೆಂದು ಕೇಳಿದ ಅನಂತಲಕ್ಷ್ಮಿಗೆ, "ಏನೂ ಆಗಲಿಲ್ಲ ಕಣೇ, ಅದೇ ವಿಶೇಷ," ಎಂದು ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು.

ಇಂಥವರ ಹೆಸರನ್ನು ಯಾವ ರಸ್ತೆಗೂ ಇಡುವುದಿಲ್ಲ. ಆಗದೆ ಹೋದ ಅನಾಹುತಕ್ಕೆ ಶಿಲಾಶಾಸನ ಬರೆಸುವವರು ಯಾರು? ಆದರೆ ಎಲ್ಲೋ ಒಂದು ಗುಡ್ಡದ ಮೇಲೆ ಇಂದಿಗೂ ಅರವತ್ತೆರಡು ಒಲೆಗಳು ಹೊತ್ತುತ್ತವೆ, ಅವುಗಳಲ್ಲೊಂದರ ಮುಂದೆ ಕೂತು ಯಾರೋ ಒಬ್ಬಾಕೆ, ಸಾರು ಸೀದುಹೋಯಿತೆಂದು ನಿಶ್ಚಿಂತೆಯಾಗಿ ಗೊಣಗುತ್ತಾಳೆ.